ಉಡಿ ತುಂಬಿದ ಈಜುಕೊಳ

ಮನೆ ಮಾರಲು ಹೊರಟವರು ಮೊದಲು ಕಲಿಯಬೇಕಾದದ್ದು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು. ನನಗೆ ಅದು ಬರಲಿಲ್ಲ. ಇಂಡಿ ಊರಿನ ನಮ್ಮ ಮನೆ ನೋಡಲು ಬಂದ ಮೊದಲ ಗಿರಾಕಿ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಪಡಸಾಲೆ, ಅಡುಗೆಮನೆ, ಮೇಲಿನ ಕೋಣೆ ಎಲ್ಲ ನೋಡಿ ಮೆಚ್ಚಿ ತಲೆಯಾಡಿಸುತ್ತಲೇ ಬಂದರು. ಹಿತ್ತಲ ಬಾಗಿಲು ತೆಗೆದವರೇ ಅಲ್ಲೇ ನಿಂತುಬಿಟ್ಟರು. ಎದುರಿಗೆ ನೀಲಿ ಟೈಲ್ಸಿನ ಈಜುಕೊಳ. ಇದಕ್ಕೆ ತಿಂಗಳ ಖರ್ಚು ಏನು ಬರುತ್ತದೆ ಎಂದು ಕೇಳಿದರು. ನನ್ನ ಗಂಡ ಅದರ ಉದ್ದ ಅಗಲ ಹೇಳತೊಡಗಿದರು. ನಾನು ನಡುವೆ ಬಾಯಿ ಹಾಕಿ ಖರ್ಚನ್ನೇ ಹೇಳಿಬಿಟ್ಟೆ. ಅವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ.

ಆ ಮನೆ ಮಾರುವುದು ನಮಗೆ ಬೇಕೇ ಬೇಕಾಗಿತ್ತು. ಇವರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೊದಲು ನಮ್ಮೂರಲ್ಲೇ ಮಾಡಿಸುತ್ತಿದ್ದೆವು. ಆದರೆ ಯಂತ್ರಕ್ಕೆ ಹಚ್ಚಿದಾಗ ಇವರ ಬಿಪಿ ಇದ್ದಕ್ಕಿದ್ದಂತೆ ಬಿದ್ದುಹೋಗತೊಡಗಿತು. ಹೃದಯದ ಡಾಕ್ಟರೂ ಕೈಗೆ ಸಿಗುವ ಕಡೆ ಮಾಡಿಸುವುದು ಒಳ್ಳೆಯದು ಎಂದು ಅಲ್ಲಿಯವರೇ ವಿಜಯಪುರಕ್ಕೆ ಕಳಿಸಿದರು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಇವರ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆಸ್ಪತ್ರೆಯ ಹತ್ತಿರ, ಮೆಟ್ಟಿಲು ಹತ್ತುವ ಕೆಲಸವಿಲ್ಲದ ಒಂದು ಸಣ್ಣ ಮನೆ ಕೊಂಡುಕೊಂಡರೆ ಈ ಓಡಾಟ ತಪ್ಪುತ್ತದೆ, ಇವರು ನಾಲ್ಕು ದಿನ ಹೆಚ್ಚು ಇರುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಬಾಡಿಗೆಗೆ ಹೋಗಬಹುದಿತ್ತು ಎನ್ನುವವರಿದ್ದಾರೆ. ಇವರ ವ್ಯಾಪಾರ ನಿಂತಿತ್ತು. ಮನೆಯಲ್ಲಿ ಇವರು, ನಾನು, ನನ್ನ ಅತ್ತೆ. ನನ್ನ ಹೈಸ್ಕೂಲ್ ಮಾಸ್ತರಿಕೆಯ ಒಂದು ಸಂಬಳದಲ್ಲಿ ಬಾಡಿಗೆ, ಔಷಧ, ಇಂಡಿಯ ಮನೆ ಮೂರನ್ನೂ ಎಳೆಯುವುದು ಆಗದ ಮಾತು.

ಇವರದು ನಿಂಬೆಹಣ್ಣಿನ ವ್ಯಾಪಾರ. ಹುಟ್ಟಿದ್ದು ಸಾಲೋಟಗಿಯಲ್ಲಿ. ಅಲ್ಲಿಯ ಹೊಲದ ಬಾವಿಯಲ್ಲಿ ಎಣ್ಣೆಯ ಖಾಲಿ ಡಬ್ಬಿ ನಡುವಿಗೆ ಕಟ್ಟಿಕೊಂಡು ಈಜು ಕಲಿತವರು. ಮುಂದೆ ಬೋರು ಬಂದವು, ಬಾವಿಯ ನೀರು ತಳ ಕಂಡಿತು, ಅದರಲ್ಲಿ ಜಾಲಿ ಬೆಳೆಯಿತು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಇವರ ಜೊತೆಯ ವ್ಯಾಪಾರಸ್ಥರು ದೊಡ್ಡ ಕಾರು ಕೊಂಡರು. ಇವರು ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದರು. ಸುತ್ತ ಹಾಸಲು ಮುದ್ದೇಬಿಹಾಳದ ಕಡೆಯಿಂದ ಫರಸಿ ಕಲ್ಲು ಬಂತು, ಕಲ್ಲಿನ ಜೊತೆಗೆ ಅದನ್ನು ಕೂಡಿಸುವ ಗೌಂಡಿಯೂ ಬಂದ. ಓಣಿಯವರಿಗೆಲ್ಲ ಚೇಷ್ಟೆ. ಎಂಟು ದಿನಕ್ಕೊಮ್ಮೆ ನಳ ಬರುವ ಊರಲ್ಲಿ ಇವರಿಗೆ ಈಜುವ ಚಟ ನೋಡಿರಿ ಎಂದು ಮೂಗು ಮುರಿದರು. ಆಮೇಲೆ ನಳ ಬಾರದ ವಾರ ಅವರೇ ಕೊಡ ಹಿಡಿದು ಬಂದರು, ಪಾತ್ರೆ ತೊಳೆಯಲು ಆಗುತ್ತದೆ ಎಂದು. ಇವರು ಒಬ್ಬರಿಗೂ ಇಲ್ಲ ಎನ್ನಲಿಲ್ಲ. ದಿನಾ ಬೆಳಿಗ್ಗೆ ಪೇಟೆಗೆ ಹೋಗುವ ಮುಂಚೆ ಒಂದು ತಾಸು ನೀರಲ್ಲಿ ಇರುತ್ತಿದ್ದರು. ಐವತ್ತು ದಾಟಿದ ಮನುಷ್ಯ ಮೂಗು ಹಿಡಿದುಕೊಂಡು ದುಡುಮ್ ಎಂದು ಹಾರುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುವುದು ನನಗೆ ಖುಷಿಯಾಗಿತ್ತು. ಅದನ್ನು ಆಗ ಬಾಯಿಬಿಟ್ಟು ಹೇಳಿರಲಿಲ್ಲ.

ರೋಗ ಬಂದ ಮೇಲೆ ನೀರಿಗೆ ಇಳಿಯುವುದನ್ನು ಡಾಕ್ಟರು ಬೇಡವೆಂದರು. ಕುಡಿಯುವ ನೀರಿಗೂ ಮಿತಿ ಹಾಕಿದರು, ದಿನಕ್ಕೆ ಒಂದು ಸಣ್ಣ ತಂಬಿಗೆ. ಇವರು ಆ ತಂಬಿಗೆಯನ್ನು ಪಕ್ಕಕ್ಕಿಟ್ಟುಕೊಂಡು ಫರಸಿಯ ಮೇಲೆ ಕುರ್ಚಿ ಹಾಕಿ ಕೂಡುತ್ತಿದ್ದರು. ಗುಟುಕು ಗುಟುಕಾಗಿ ಕುಡಿಯುತ್ತ ಅಷ್ಟು ನೀರನ್ನು ನೋಡುತ್ತಿದ್ದರು. ನಾನು ಅಡುಗೆಮನೆಯ ಕಿಟಕಿ ಮುಚ್ಚಿಬಿಡುತ್ತಿದ್ದೆ.

ಮನೆ ಮಾರಿಸಿಕೊಡಲು ಬಂದ ದಲಾಲಿ ಚುರುಕು ಮನುಷ್ಯ. ಬಂದ ದಿನವೇ ಬಿಚ್ಚಿ ಹೇಳಿದ, ಈಜುಕೊಳ ಇದೆ ಎಂದು ಈ ಕಡೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ, ಬೆಂಗಳೂರು ಪುಣೆಯ ಮಾತು ಬೇರೆ, ಇಲ್ಲಿ ಅದು ಜಾಗ ತಿನ್ನುವ ಗುಂಡಿ. ಅದನ್ನು ಈಜುಕೊಳ ಎನ್ನಬೇಡಿ, ನೀರಿನ ಟಾಕಿ ಎನ್ನಿ, ನಳದ ತಾಪತ್ರಯ ಇರುವ ಜನ, ಟಾಕಿ ಎಂದರೆ ಕಿವಿ ನೆಟ್ಟಗಾಗುತ್ತದೆ ಎಂದ. ನನಗೆ ಆ ಮಾತು ಹಿಡಿಸಿತು. ಇವರು ಮುಖ ಗಂಟು ಹಾಕಿಕೊಂಡರು. ಮನೆಗೊಂದು ಕಿಮ್ಮತ್ತು, ಕೊಳಕ್ಕೊಂದು ಕಿಮ್ಮತ್ತು, ಎರಡೂ ಕೂಡಿಸಿ ಕೊಡುವವರು ಬರಲಿ ಎಂದರು.

ಹಾಗೆ ಕೊಡುವವರು ಎಲ್ಲಿಂದ ಬರಬೇಕು. ಚಿಕ್ಕ ಮಕ್ಕಳಿದ್ದ ದಂಪತಿ ಹಿತ್ತಲಿಗೆ ಬಂದವರು ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಹೋದರು. ಇನ್ನೊಬ್ಬರು ದಿಕ್ಸೂಚಿ ತಂದು ನೀರು ಯಾವ ಮೂಲೆಗಿದೆ ಎಂದು ನೋಡಿದರು. ಮನಗೂಳಿಯಿಂದ ಬಂದ ಬಟ್ಟೆ ವ್ಯಾಪಾರಿ ಸಾಹೇಬರಿಗೂ ಅವರ ಹೆಂಡತಿಗೂ ಮನೆ ಮನಸ್ಸಿಗೆ ಬಂದಿತ್ತು. ಆಕೆ ಚಪ್ಪಲಿ ಬಿಟ್ಟು ದಂಡೆಯ ಮೇಲೆ ಕೂತು ಪಾದ ನೀರಿಗೆ ಇಳಿಬಿಟ್ಟಾಗ ನನಗೆ ಆಸೆ ಹುಟ್ಟಿತು. ಸಾಹೇಬರು ಹೋಗುವಾಗ ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಹೇಳಿದರು: "ಮನಿ ಛಲೋ ಐತ್ರಿ ಅಕ್ಕೋರ, ನೀರೂ ಛಲೋ ಐತಿ. ಆದ್ರ ನಾವು ಮನಿ ತಗೊಳ್ಳಾಕ ಬಂದೇವ್ರಿ, ಕೆರಿ ಕಾಯಾಕ ಅಲ್ಲ."

ಆ ಮಾತನ್ನು ನಾನು ಎತ್ತಿಟ್ಟುಕೊಂಡೆ. ಮುಂದಿನ ಜಗಳದಲ್ಲಿ ಇವರ ಮೇಲೆ ಎಸೆದೆ. ಒಂದು ತಂಬಿಗೆ ಮೀರಿ ನೀರು ಕುಡಿಯುವಂತಿಲ್ಲದವರು ಹಿತ್ತಲಲ್ಲಿ ಕೆರೆ ಕಾಯುತ್ತ ಕೂತಿದ್ದೀರಿ, ನಾಳೆ ನಿಮಗೇನಾದರೂ ಆದರೆ ಈ ಟೈಲ್ಸು ಬಂದು ನನ್ನನ್ನು ಸಾಕುತ್ತವೆಯೇ ಎಂದು ಕೇಳಿದೆ. ಹಾಗೆ ಕೇಳಬಾರದಿತ್ತು. ಕೇಳಿಬಿಟ್ಟಿದ್ದೆ. ಇವರು ಹೇಳಿದರು: "ಇದಕ್ಕೇನೂ ಕಿಮ್ಮತ್ತಿಲ್ಲ ಅಂದ್ರ, ನಾ ಇದರಾಗ ಈಜಿದ್ದಕ್ಕೂ ಕಿಮ್ಮತ್ತಿಲ್ಲ ಅಂದಂಗ ಆಕ್ಕೈತಿ." ನಾನು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದೆ.

ಕಡೆಗೆ ಸಿಂದಗಿಯಿಂದ ಒಂದು ಕುಟುಂಬ ಬಂತು. ಗೊಬ್ಬರದ ಅಂಗಡಿಯವರು, ಇಂಡಿಯಲ್ಲಿ ಇನ್ನೊಂದು ಅಂಗಡಿ ತೆಗೆಯುವ ವಿಚಾರದಲ್ಲಿದ್ದರು. ಮನೆ ಒಪ್ಪಿಗೆಯಾಯಿತು. ಆದರೆ ಆಗಷ್ಟೇ ಅಂಬೆಗಾಲಿಡುತ್ತಿದ್ದ ಮಗು ಮನೆಯಲ್ಲಿದೆ, ಬಂದ ಕೂಡಲೇ ಈ ಗುಂಡಿ ಮುಚ್ಚಿಸಿ ಮೇಲೆ ಒಂದು ಗೋದಾಮು ಕಟ್ಟಿಸುತ್ತೇವೆ ಎಂದು ನೇರವಾಗಿ ಹೇಳಿದರು. ಮುಚ್ಚುವ ಖರ್ಚನ್ನೂ ಬೆಲೆಯಲ್ಲಿ ಮುರಿದುಕೊಂಡರು. ಈಜುಕೊಳದಿಂದ ಮನೆಯ ಕಿಮ್ಮತ್ತು ಏರಲಿಲ್ಲ, ಇಳಿಯಿತು. ಇವರು ಬೇಡವೆನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ವಿಜಯಪುರದಲ್ಲಿ ನೋಡಿಟ್ಟಿದ್ದ ಮನೆಯವರಿಗೆ ಫೋನು ಮಾಡಿ ಯಾರಿಗೂ ಕೊಡಬೇಡಿ ಎಂದೆ.

ಸಂಚಕಾರ ಕೊಡಲು ಒಳ್ಳೆಯ ದಿನ ನೋಡಿ ಸಿಂದಗಿಯವರು ಮತ್ತೆ ಬಂದರು. ಮುಂಗಡದ ಹಣ ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿತ್ತು. ಈ ಸಲ ಅಂಗಡಿಯವರ ತಾಯಿಯೂ ಬಂದಿದ್ದರು. ಅವರು ಮನೆಯೊಳಗೆ ಏನನ್ನೂ ನೋಡಲಿಲ್ಲ. ನೇರ ಹಿತ್ತಲಿಗೆ ಹೋಗಿ, ನೀರನ್ನು ಕಣ್ಣಿಗೆ ಒತ್ತಿಕೊಂಡು, ನನ್ನ ಅತ್ತೆಯ ಕಡೆ ತಿರುಗಿ ಕೇಳಿದರು: "ಯಕ್ಕಾ, ಇದಕ್ಕ ಉಡಿ ತುಂಬೀರೇನ?"

ಅತ್ತೆ ಕ್ಷಣವೂ ತಡಮಾಡಲಿಲ್ಲ. "ತುಂಬೇವ್ರಿ," ಎಂದರು.

ಇಲ್ಲಿ ಆ ಉಡಿಯ ಕಥೆ ಹೇಳಬೇಕು. ನನ್ನ ತವರು ಬಸವನಬಾಗೇವಾಡಿ. ನನ್ನ ಅಪ್ಪ ಮುಹೂರ್ತ, ದಿಕ್ಕು, ದೋಷ ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ. ಅಮಾವಾಸ್ಯೆಯ ದಿನವೇ ನಮ್ಮ ಮನೆಯ ಬುನಾದಿ ತೋಡಿಸಿದವರು. ನಾನು ವಿಜ್ಞಾನ ಕಲಿಸುವವಳು. ಹಾಗಿದ್ದೂ ಈಜುಕೊಳಕ್ಕೆ ಮೊದಲ ಸಲ ನೀರು ತುಂಬಿದ ದಿನ ಅತ್ತೆ, ಅಂಗಳದಲ್ಲಿ ಗಂಗೆ ಬಂದು ನಿಂತಿದ್ದಾಳೆ, ಉಡಿ ತುಂಬದೆ ಇಳಿಯಬಾರದು ಎಂದಾಗ ನನಗೆ ನಗು ಬಂದಿತೇ ಹೊರತು ಬೇಡವೆನ್ನಲಿಲ್ಲ. ಹೊಸ ಬಾವಿಗೆ ಮಾಡುವಂತೆಯೇ ಮಾಡಿದೆವು. ಓಣಿಯ ನಾಲ್ವರು ಮುತ್ತೈದೆಯರು ಬಂದರು, ನಾನು ಐದನೆಯವಳು. ಹಸಿರು ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ, ಬಳೆ ಎಲ್ಲ ಕೂಡಿಸಿ, ಹೆಣ್ಣುಮಗಳ ಸೆರಗಿಗೆ ಹಾಕಿದಂತೆ ನೀರಿಗೆ ಬಿಟ್ಟೆವು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಇಂಥ ಕೆಲಸಕ್ಕೆ ಗಂಡ ಇಲ್ಲದವರು ಕೈ ಹಚ್ಚುವುದಿಲ್ಲ ಎಂದು ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತು, ಮೊದಲು ಇದು ಹಾಕು, ಆಮೇಲೆ ಅದು ಹಾಕು ಎಂದು ಹೇಳಿಕೊಡುತ್ತಿದ್ದರು. ಮರುದಿನ ಆ ಅಕ್ಕಿ ಮತ್ತು ಖಣ ಹೋಗಿ ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಂಡವು. ರಿಪೇರಿಗೆ ಬಂದವನು ಯಂತ್ರದಿಂದ ಉತ್ತತ್ತಿ ಹೊರತೆಗೆದು ಕಣ್ಣು ಕಣ್ಣು ಬಿಟ್ಟ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಸಿಂದಗಿಯ ಆ ಹಿರಿಯ ಹೆಂಗಸಿಗೆ ನಗುವ ವಿಷಯ ಆಗಿರಲಿಲ್ಲ. ಉಡಿ ತುಂಬುವತನಕ ಅದು ಬರೀ ಗುಂಡಿ, ತುಂಬಿದ ಮೇಲೆ ಅದು ಗಂಗವ್ವ, ಅವಳ ಮೇಲೆ ನನ್ನ ಮಗ ಮಣ್ಣು ಹಾಕುವುದು ಬೇಡ ಎಂದರು. ಮಗ ಏನೋ ಹೇಳಲು ಹೋದರು, ತಾಯಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮನೆ ಬೇಡವೆಂದೂ ಅವರು ಹೇಳಲಿಲ್ಲ. ನೀವೇ ಮುಚ್ಚಿ ಕೊಡಿ, ಉಡಿ ತುಂಬಿದ ಮುತ್ತೈದೆಯೇ ತಪ್ಪಾಯಿತು ಎಂದು ಬೇಡಿಕೊಂಡು ಮೊದಲ ಮಣ್ಣು ಹಾಕಬೇಕು, ಅಮಾವಾಸ್ಯೆ ಕಳೆಯುವತನಕ ಹಾದಿ ನೋಡುತ್ತೇವೆ ಎಂದರು. ಸಂಚಕಾರದ ತಟ್ಟೆ ಹಾಗೇ ಅವರ ಕಾರಿಗೆ ಹಿಂದಿರುಗಿತು.

ಅವರು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಅತ್ತೆ ಹೇಳಿದರು: "ಸುಳ್ಳು ಹೇಳಿ ಮನಿ ಮಾರಿ, ನಾಳಿ ಅವರ ಕೂಸಿಗೆ ಜ್ವರ ಬಂದ್ರ ನನ್ನ ಎದಿ ತಡೀತೈತೇನವಾ?" ಇವರು ಕುರ್ಚಿಯಿಂದ ಏಳದೆ, ಮುಚ್ಚಿಕೊಡುವ ಮಾತು ಮಾತ್ರ ಎತ್ತಬೇಡಿ ಎಂದರು. ಮನೆಯಲ್ಲಿ ಮೂವರಿದ್ದೆವು, ಮೂವರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಉಂಡೆವು.

ಅದೇ ವಾರ ವಿಜಯಪುರದಿಂದ ಬರುವಾಗ ಬಸ್ಸಿನಲ್ಲಿ ಇವರ ತಲೆ ನನ್ನ ಹೆಗಲ ಮೇಲೆ ಜಾರಿತು. ಕರೆದರೆ ಓ ಎನ್ನಲಿಲ್ಲ. ಕಂಡಕ್ಟರು ಬಸ್ಸು ನಿಲ್ಲಿಸಿದರು. ಸೀಟಿನ ಮೇಲೆ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದುಕೊಂಡೆ. ನಾಲ್ಕೂ ಕಡೆಯಿಂದ ನೀರಿನ ಬಾಟಲಿಗಳು ಬಂದವು. ಒಂದು ಗುಟುಕು ಹಾಕಬೇಕೋ ಬೇಡವೋ ನನಗೆ ಗೊತ್ತಾಗಲಿಲ್ಲ, ಹೆಚ್ಚಾದರೆ ಎದೆಗೆ ನೀರು ತುಂಬುತ್ತದೆ ಎಂಬ ಹೆದರಿಕೆ. ಎಲ್ಲ ಬಾಟಲಿಗಳನ್ನು ಕೈಯಿಂದ ತಳ್ಳುತ್ತ ಕೂತೆ. ಹಿಂದಿನ ಸೀಟಿನ ಹೆಂಗಸೊಬ್ಬಳು, ಗಂಡನಿಗೆ ನೀರು ಕುಡಿಸಲು ಬಿಡುವುದಿಲ್ಲವಲ್ಲ, ಎಂಥವಳಿವಳು ಎಂದು ಬೈದಳು. ನನಗೆ ಅಷ್ಟು ಒಂಟಿತನ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಇವರು ಕಣ್ಣು ಬಿಟ್ಟರು. ಊರು ಹತ್ತಿರ ಬಂದಾಗ ನನ್ನ ಕೈ ಹಿಡಿದು, "ಮುಚ್ಚಿಬಿಡೂಣು," ಎಂದರು.

ಗೆದ್ದವಳಂತೆ ಹಿಗ್ಗಬೇಕಿತ್ತು. ಅಂದಿನಿಂದ ನನ್ನ ನಿದ್ದೆ ಹಾರಿತು. ಉಡಿ ತುಂಬಿದ ಐವರಲ್ಲಿ ಈ ಮನೆಯವಳು ನಾನೊಬ್ಬಳೇ. ಮೊದಲ ಮಣ್ಣು ನಾನು ಹಾಕಬೇಕು, ದೋಷ ಬಂದರೆ ಹಾಕಿದವಳ ಕುಂಕುಮಕ್ಕೇ ಬರುತ್ತದೆ ಎನ್ನುತ್ತಾರೆ. ನೀರಿನ ಗುಂಡಿಗೆ ಮಣ್ಣು ಹಾಕಿದರೆ ಗಂಡನಿಗೆ ಏನೂ ಆಗುವುದಿಲ್ಲ, ಇದು ನನಗೆ ಗೊತ್ತು. ಗ್ರಹಣದ ದಿನ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದು ಮಂಡಕ್ಕಿ ತಿನ್ನಿಸಿದವಳು ನಾನು. ಆದರೆ ಇವರ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ್ದ ರಕ್ತನಾಳ ನೋಡುವಾಗ ಆ ಗೊತ್ತಿರುವುದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ನಾಳೆ ಮಣ್ಣು ಹಾಕಿ, ನಾಡಿದ್ದು ಯಂತ್ರದ ಮೇಲೆ ಇವರ ಬಿಪಿ ಬಿದ್ದರೆ? ಅದು ಬೀಳುವ ಬಿಪಿಯೇ, ಹೇಗೂ ಬೀಳುತ್ತದೆ. ಬಿದ್ದಾಗ ಮಣ್ಣು ಹಾಕಿದ ನನ್ನ ಕೈ ನನಗೆ ನೆನಪಾಗದೆ ಇರುತ್ತದೆಯೇ? ಅಪ್ಪ ಇದ್ದಿದ್ದರೆ ನಗುತ್ತಿದ್ದರು ಎಂದುಕೊಂಡೆ. ಅಪ್ಪನ ಹೆಂಡತಿಗೆ ಡಯಾಲಿಸಿಸ್ ಇರಲಿಲ್ಲ ಎಂದೂ ಅಂದುಕೊಂಡೆ.

ನನ್ನ ಮುಖ ನೋಡಿಯೇ ಇವರಿಗೆ ತಿಳಿದಿರಬೇಕು. ಕಟ್ಟಿಸಿದವನು ನಾನು, ಮುಚ್ಚುವವನೂ ನಾನೇ, ಬರುವುದೆಲ್ಲ ನನಗೇ ಬರಲಿ ಎಂದರು. ನಿಮಗೆ ಬರಬಾರದೆಂದೇ ತಾನೇ ಇಷ್ಟೆಲ್ಲ ಎಂದು ನಾನು ಗದರಿಸಿದೆ. ಅತ್ತೆ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಉಡಿ ತುಂಬಿಸಿದವರೇ ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರಲ್ಲ ಎಂದು ನನಗೆ ಒಳಗೊಳಗೇ ಉರಿಯಿತು.

ಅಮಾವಾಸ್ಯೆ ಹತ್ತಿರ ಬಂತು. ಪಂಪು ಹಚ್ಚಿ ನೀರನ್ನು ಪಕ್ಕದವರ ನಿಂಬೆಗಿಡಗಳಿಗೆ ಬಿಟ್ಟೆವು. ಓಣಿಯವರು ಕೊನೆಯ ಸಲ ಕೊಡ ತುಂಬಿಕೊಂಡರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಸಂಜೆಯ ಹೊತ್ತಿಗೆ ತಳದ ನೀಲಿ ಟೈಲ್ಸು ಬರಿದಾಗಿ ಕಂಡಿತು. ಇವರು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಅವರ ಹತ್ತಿರ ಕೂತೆ. ಅತ್ತೆ ಎಲ್ಲಿದ್ದಾರೆಂದು ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಕೆಂಪು ಗರಸು ಮಣ್ಣು ತಂದು ದಂಡೆಯ ಹೊರಗೆ ಸುರಿದು ಹೋಯಿತು. ಮಣ್ಣು ತಳ್ಳುವ ಜೆಸಿಬಿ ಕಾಂಪೌಂಡಿನ ಆಚೆ ಸಿದ್ಧವಾಗಿ ನಿಂತಿತ್ತು. ನಾನು ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದು ಒಂದು ಬುಟ್ಟಿಗೆ ಗರಸು ತುಂಬಿದೆ. ಎತ್ತಲು ಹೋಗಿ ಮತ್ತೆ ಕೆಳಗಿಟ್ಟೆ. ಇವರು ಬಂದು ಬುಟ್ಟಿಯ ಒಂದು ಕಡೆ ಹಿಡಿದರು. ಎಡಗೈಯಿಂದ ಭಾರ ಎತ್ತುವಂತಿಲ್ಲ, ಬಲಗೈ ಒಂದರಲ್ಲೇ ಹಿಡಿದಿದ್ದರು. ಬಿಡಿ ಎಂದೆ, ಬಿಡಲಿಲ್ಲ. ಇಬ್ಬರೂ ಬುಟ್ಟಿ ಹಿಡಿದು ದಂಡೆಯವರೆಗೆ ಹೋದೆವು. ತಪ್ಪಾಯಿತು ಎನ್ನಬೇಕಿತ್ತು. ನಾನು ಬರೀ ಇವರ ಮುಖ ನೋಡಿದೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಅಂಜಬ್ಯಾಡ್ರಿ, ಹಾಕ್ರಿ. ಮೊದಲನೇ ಮಣ್ಣು ನಿಮ್ಮದಲ್ಲ."

ನಾವು ಬಗ್ಗಿ ನೋಡಿದೆವು. ಕೆಳಗೆ ಮೂಲೆಯಲ್ಲಿ, ನೀಲಿ ಟೈಲ್ಸಿನ ಮೇಲೆ, ಒಂದು ಹಿಡಿಯಷ್ಟು ಕಪ್ಪು ಎರೆಮಣ್ಣು ಬಿದ್ದಿತ್ತು. ಟ್ರ್ಯಾಕ್ಟರು ತಂದದ್ದು ಕೆಂಪು ಗರಸು. ಆ ಕಪ್ಪು ಮಣ್ಣು ನಮ್ಮ ಅಂಗಳದ ಹೂವಿನ ಮಡಿಯದು.

"ನಿನ್ನಿ ಸಂಜೀಕ ನಾ ಹಾಕೇನಿ," ಎಂದರು ಅತ್ತೆ. "ಕೇಳ್ಕೊಂಡೇನಿ ಆಕೀನ್ನ. ಇವರ ತಂಟೇಕ ಹೋಗಬ್ಯಾಡವಾ, ಏನಿದ್ರೂ ನನ್ನ ನೋಡ್ಕೋ ಅಂತ. ನನ್ನ ಕುಂಕುಮ ಎಂದೋ ಹೋಗೇತಿ. ಇನ್ನ ನನ್ನ ಕಡಿಂದ ಏನ ತಗೋತಾಳ."

ಇವರು ಬುಟ್ಟಿ ಬಿಟ್ಟು ಅಲ್ಲೇ ಫರಸಿಯ ಮೇಲೆ ಕುಸಿದು ಕೂತು ಚಿಕ್ಕ ಹುಡುಗರ ಹಾಗೆ ಅತ್ತರು. ನಾನು ಸಿಟ್ಟಿಗೇಳಬೇಕಿತ್ತು. ಇದೆಲ್ಲ ಸುಳ್ಳು, ಯಾವ ಗಂಗವ್ವನೂ ಯಾರನ್ನೂ ನೋಡಿಕೊಳ್ಳುವುದಿಲ್ಲ, ಯಾರ ತಲೆಗೂ ಏನೂ ಬರುವುದಿಲ್ಲ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಆದದ್ದು ನಿರಾಳ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತಾಗಿ, ಒಬ್ಬಳೇ ಬುಟ್ಟಿ ಎತ್ತಿ ಗರಸನ್ನು ಸುರಿದುಬಿಟ್ಟೆ.

ಸಿಂದಗಿಯವರು ಮಾತಿನಂತೆ ಮನೆ ಕೊಂಡರು. ನಾವು ವಿಜಯಪುರಕ್ಕೆ ಬಂದು ವರ್ಷ ದಾಟಿತು. ಆಸ್ಪತ್ರೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಯಂತ್ರದ ಮೇಲೆ ಇವರ ಬಿಪಿ ಈಗಲೂ ಒಮ್ಮೊಮ್ಮೆ ಬೀಳುತ್ತದೆ, ಡಾಕ್ಟರು ಓಡಿಬರುತ್ತಾರೆ, ಮತ್ತೆ ಏರುತ್ತದೆ. ನಾನು ಹೆದರುತ್ತೇನೆ, ಆದರೆ ಬರೀ ರೋಗಕ್ಕೆ ಹೆದರುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ, ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಇವತ್ತಿಗೂ ಹೇಳಿಕೊಡುತ್ತೇನೆ. ಮನೆಗೆ ಬಂದಾಗ ಒಳಗಿನ ಕೋಣೆಯಲ್ಲಿ ಅತ್ತೆ ಒಮ್ಮೆ ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತದೆ.